ಕಣ್ಣು ಕಿತ್ತು ಬಿಸಾಡು ಅಂದರೆ ಏನು?

ಯೌವನಸ್ಥರ ಕೂಟ – ವಾಕ್ಯ ಅಧ್ಯಯನ
ಓದುವ ಭಾಗ: ಮತ್ತಾಯ 5:27-30, ಮಾರ್ಕ 9:42-48

ಬೈಬಲ್ ತೆಗೀರಿ. ಫೋನಲ್ಲಿ ಓದೋರು ಫೋನೇ ತೆಗೀರಿ, ಆದ್ರೆ ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಇವತ್ತಿನ ವಾಕ್ಯಕ್ಕೂ ಅದಕ್ಕೂ ಸಂಬಂಧ ಇದೆ.

ಮತ್ತಾಯ ಐದನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಬೆಟ್ಟದ ಮೇಲೆ ಕೂತು ಬೋಧಿಸುತ್ತಿದ್ದಾರೆ. ನಿನ್ನ ಬಲಗಣ್ಣು ನಿನ್ನನ್ನು ಪಾಪಕ್ಕೆ ಎಳೆದರೆ ಅದನ್ನು ಕಿತ್ತು ಎಸೆ ಅಂತಾರೆ. ಬಲಗೈ ಎಳೆದರೆ ಕಡಿದು ಎಸೆ ಅಂತಾರೆ. ಇಡೀ ದೇಹ ನರಕಕ್ಕೆ ಬೀಳುವುದಕ್ಕಿಂತ ಒಂದು ಅಂಗ ಹೋಗುವುದೇ ನಿನಗೆ ಲಾಭ ಅನ್ನುವುದು ಅದರ ಅರ್ಥ. ಮಾರ್ಕ ಒಂಬತ್ತಕ್ಕೆ ಬಂದರೆ ಕೈ, ಕಾಲು, ಕಣ್ಣು ಮೂರೂ ಇವೆ. ಮತ್ತಾಯ ಹದಿನೆಂಟರಲ್ಲಿ ಇದೇ ಮಾತು ಇನ್ನೊಂದು ಸಲ ಬರುತ್ತದೆ. ಅಂದ್ರೆ ಬಾಯಿತಪ್ಪಿ ಬಂದ ಮಾತಲ್ಲ ಇದು.

ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ ಒಂದು ಮನೆ ಪ್ರಾರ್ಥನೆಯಲ್ಲಿ ನಾನು ಈ ಭಾಗ ಓದಿದೆ. ಮುಗಿದ ಮೇಲೆ ಒಬ್ಬ ಅಜ್ಜಿ, ಗದ್ದೆ ಕೆಲಸಕ್ಕೆ ಹೋಗೋ ಅಜ್ಜಿ, ಹತ್ರ ಬಂದು ಕೇಳಿದರು: “ಪಾಸ್ಟ್ರೇ, ಬೇಡರ ಕಣ್ಣಪ್ಪ ಕಣ್ಣು ಕಿತ್ತು ಕೊಟ್ಟಂಗೇನ್ರೀ ಇದು?” ನನಗೆ ಆ ಪ್ರಶ್ನೆ ತುಂಬಾ ಹಿಡಿಸಿತು. ಬೈಬಲ್ ಕಾಲೇಜಲ್ಲಿ ಯಾರೂ ಹಾಗೆ ಕೇಳಲ್ಲ. ನಮ್ಮ ಅಪ್ಪ-ಅಮ್ಮಂದಿರ ತಲೆಮಾರಿಗೆ ಕಣ್ಣು ಕೀಳೋದು ಅಂದ ತಕ್ಷಣ ಕಣ್ಣ ಮುಂದೆ ಬರೋದು 1954ರ ಸಿನಿಮಾದ ರಾಜ್‌ಕುಮಾರ್ ಅವರೇ. ಆ ಕಥೆಯಲ್ಲಿ ಬೇಡ ತನ್ನ ದೇವರ ಕಣ್ಣಲ್ಲಿ ರಕ್ತ ಕಂಡು, ಪ್ರೀತಿಯಿಂದ ತನ್ನ ಕಣ್ಣನ್ನು ಕೊಡ್ತಾನೆ. ಅದು ಕಾಣಿಕೆ. ಅಜ್ಜಿಗೆ ನಾನು ಹೇಳಿದ್ದು ಇಷ್ಟು: ಇಲ್ಲಿ ಯೇಸು ಸ್ವಾಮಿ ಕಣ್ಣನ್ನು ಕಾಣಿಕೆಯಾಗಿ ಕೇಳ್ತಾ ಇಲ್ಲ ಅಜ್ಜಿ. ನಮ್ಮ ಕಣ್ಣು ಅವರಿಗೆ ಬೇಕಾಗಿಲ್ಲ. ನಾವು ಉಳಿಯೋದು ಅವರಿಗೆ ಬೇಕಾಗಿದೆ.

ಹಾಗಾದ್ರೆ ನಿಜವಾಗಿ ಕೀಳಬೇಕಾ? ಇಲ್ಲ. ಯಾಕೆ ಇಲ್ಲ ಅನ್ನೋದನ್ನ ವಾಕ್ಯದಿಂದಲೇ ನೋಡಬೇಕು. “ಅಯ್ಯೋ, ಅಷ್ಟೆಲ್ಲಾ ಸೀರಿಯಸ್ ಆಗಿ ತಗೋಬೇಡಿ” ಅಂತ ನಾವೇ ತೀರ್ಮಾನ ಮಾಡೋ ಹಾಗಿಲ್ಲ.

ಸುವಾರ್ತೆಗಳಲ್ಲಿ ಯೇಸು ಸ್ವಾಮಿ ಕೈಗೆ, ಕಣ್ಣಿಗೆ ಏನು ಮಾಡಿದರು ಅಂತ ಹುಡುಕಿ. ಲೂಕ ಆರನೇ ಅಧ್ಯಾಯದಲ್ಲಿ ಒಬ್ಬನ ಬಲಗೈ ಬತ್ತಿಹೋಗಿತ್ತು, ಅದನ್ನು ವಾಸಿಮಾಡಿದರು. ಬಲಗೈ ಅಂತಲೇ ಲೂಕ ಬರೀತಾನೆ. ಮಾರ್ಕ ಒಂಬತ್ತರಲ್ಲಿ ಕಣ್ಣು ಕೀಳುವ ಮಾತು, ಹತ್ತರ ಕೊನೆಯಲ್ಲಿ ಕುರುಡ ಬಾರ್ತಿಮಾಯನಿಗೆ ಕಣ್ಣು ಬಂತು. ಗೆತ್ಸೇಮನೆಯಲ್ಲಿ ಒಂದು ಅಂಗ ನಿಜವಾಗಿಯೂ ಕತ್ತರಿಸಿ ಬಿತ್ತು. ಕತ್ತರಿಸಿದ್ದು ಪೇತ್ರ, ಮಹಾಯಾಜಕನ ಆಳು ಮಲ್ಕನ ಬಲಗಿವಿ. ಕರ್ತನು ಆ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಅದೇ ಪೇತ್ರ ಅದೇ ರಾತ್ರಿ ತನ್ನ ನಾಲಿಗೆಯಿಂದ ಮೂರು ಸಲ ಕರ್ತನನ್ನು ಅಲ್ಲಗಳೆದ. ಆ ನಾಲಿಗೆಯನ್ನು ಕತ್ತರಿಸು ಅಂತ ಯಾರೂ ಹೇಳಲಿಲ್ಲ. ಐವತ್ತನೆಯ ದಿನದ ಹಬ್ಬದಲ್ಲಿ ಆ ನಾಲಿಗೆಯೇ ಸುವಾರ್ತೆ ಸಾರಿತು. ಹಲ್ಲೆಲೂಯಾ!

ಮಾರ್ಕ ಐದನ್ನೂ ನೋಡಿ. ಸಮಾಧಿಗಳ ನಡುವೆ ಇದ್ದ ಒಬ್ಬ ಮನುಷ್ಯ ಹಗಲೂ ರಾತ್ರಿ ಕೂಗುತ್ತಾ ಕಲ್ಲುಗಳಿಂದ ತನ್ನನ್ನೇ ಗಾಯಮಾಡಿಕೊಳ್ತಿದ್ದ. ಕರ್ತನು ಬಂದ ಮೇಲೆ ಜನ ಅವನನ್ನ ನೋಡಿದ್ದು ಹೇಗೆ? ಬಟ್ಟೆ ಹಾಕ್ಕೊಂಡು, ಬುದ್ಧಿ ಸ್ವಾಧೀನದಲ್ಲಿಟ್ಟುಕೊಂಡು ಕೂತಿದ್ದ. ತನ್ನನ್ನು ಗಾಯಮಾಡಿಕೊಳ್ಳೋದನ್ನ ಬಿಡಿಸಿದ ಕರ್ತನು, ನಾಲ್ಕು ಅಧ್ಯಾಯ ಆದಮೇಲೆ ಗಾಯಮಾಡಿಕೊಳ್ಳಿ ಅಂತ ಹೇಳೋಕಾಗುತ್ತಾ?

ಇದನ್ನ ಒತ್ತಿ ಹೇಳೋದಕ್ಕೆ ಕಾರಣ ಇದೆ. ಪಾಪದ ಭಾರದಲ್ಲಿ ತಮ್ಮ ದೇಹವನ್ನೇ ದ್ವೇಷಿಸುವ ಯೌವನಸ್ಥರು ಇದ್ದಾರೆ. ಕೈ ಕುಯ್ದುಕೊಳ್ಳೋರು ಇದ್ದಾರೆ. ಈ ಕೋಣೆಯಲ್ಲೂ ಇರಬಹುದು. ತಮ್ಮಾ, ತಂಗೀ, ಅದು ಈ ವಾಕ್ಯಕ್ಕೆ ವಿಧೇಯತೆ ಅಲ್ಲ. ಅಂಥ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯನ್ನೂ ಮಾಡೋಣ, ಫೋನನ್ನೂ ಮಾಡೋಣ. ಒಂದು ಇನ್ನೊಂದಕ್ಕೆ ವಿರೋಧ ಅಲ್ಲ.

ಸಭೆಯ ಚರಿತ್ರೆಯಲ್ಲಿ ಅಕ್ಷರಕ್ಕೆ ಅಕ್ಷರ ತಗೊಂಡವರು ಇರಲಿಲ್ವಾ ಅಂತ ಕೇಳಬಹುದು. ಮೂರನೇ ಶತಮಾನದ ದೊಡ್ಡ ಪಂಡಿತ ಅಲೆಕ್ಸಾಂಡ್ರಿಯದ ಒರಿಗೇನ್ ಯೌವನದಲ್ಲಿ ಮತ್ತಾಯ 19:12ನ್ನು ಹಾಗೇ ತಗೊಂಡು ತನ್ನ ದೇಹಕ್ಕೇ ಕತ್ತಿ ಹಾಕಿಕೊಂಡ ಅಂತ ಇತಿಹಾಸಕಾರ ಯೂಸೇಬಿಯಸ್ ಬರೆದಿದ್ದಾನೆ. ಅದೇ ಒರಿಗೇನ್ ವಯಸ್ಸಾದ ಮೇಲೆ ಮತ್ತಾಯನ ಸುವಾರ್ತೆಗೆ ವ್ಯಾಖ್ಯಾನ ಬರೆದಾಗ, ಆ ವಚನವನ್ನು ಹಾಗೆ ಅಕ್ಷರಶಃ ತಗೋಬಾರದು ಅಂದ. 325ರಲ್ಲಿ ನೈಸಿಯಾದಲ್ಲಿ ಸಭಾಧ್ಯಕ್ಷರು ಸೇರಿದಾಗ ಅವರ ಮೊಟ್ಟಮೊದಲ ನಿಯಮವೇ, ಆರೋಗ್ಯವಾಗಿದ್ದೂ ತನ್ನನ್ನು ಹಾಗೆ ಕತ್ತರಿಸಿಕೊಂಡವನು ಸಭೆಯ ಸೇವಕನಾಗಿರಬಾರದು ಅನ್ನೋದು. ಸಾವಿರದ ಏಳ್ನೂರು ವರ್ಷದ ಹಿಂದೆಯೇ ಮುಗಿದ ಮಾತು.

ಸರಿ. ಇಲ್ಲಿಗೆ ನಮ್ಮಲ್ಲಿ ಬಹಳ ಜನ ಉಸಿರು ಬಿಡ್ತಾರೆ. “ಅಬ್ಬಾ, ಅಲಂಕಾರದ ಮಾತಷ್ಟೇ.” ಆ “ಅಷ್ಟೇ” ನನಗೆ ಇಷ್ಟ ಇಲ್ಲ.

ನಿಮ್ಮ ಅಮ್ಮ ಚಿಕ್ಕಂದಿನಲ್ಲಿ ಏನಂತಿದ್ರು? “ಇನ್ನೊಂದ್ಸಲ ಒಬ್ಬನೇ ಹೊಳೆ ಕಡೆ ಹೋದ್ರೆ ಕಾಲು ಮುರೀತೀನಿ ನೋಡು.” ಅಮ್ಮ ನಿಜವಾಗ್ಲೂ ಕಾಲು ಮುರೀತಾಳೆ ಅಂತ ಯಾವ ಮಗುವೂ ನಂಬಲಿಲ್ಲ. ಅಮ್ಮ ತಮಾಷೆ ಮಾಡ್ತಿದಾಳೆ ಅಂತಲೂ ಯಾವ ಮಗುವೂ ಅಂದುಕೊಳ್ಳಲಿಲ್ಲ. ತುಂಗಭದ್ರೆ ದಡದ ಊರಲ್ಲಿ ಬೆಳೆದೋರಿಗೆ ಆ ಮಾತು ಯಾಕೆ ಅಷ್ಟು ಜೋರಾಗಿರುತ್ತೆ ಅಂತ ಗೊತ್ತು. ಹೊಳೆ ಮಕ್ಕಳನ್ನು ತಗೊಂಡುಬಿಡುತ್ತೆ. ಯೇಸು ಸ್ವಾಮಿಯ ಮಾತಿನ ಜೋರೂ ಹಾಗೇ. ಮಾತು ಅಲಂಕಾರ, ಅಪಾಯ ಅಲಂಕಾರ ಅಲ್ಲ.

ಈಗ ಒಂದು ಗ್ರೀಕ್ ಪದ. ಪಾಪಕ್ಕೆ ಎಳೆಯೋದು, ಎಡವಿಸೋದು ಅಂತ ನಾವು ಓದುವ ಕಡೆ ಮೂಲದಲ್ಲಿ ಇರೋದು ‘ಸ್ಕಾಂಡಲಿಜೋ’. ಅದರ ಬೇರು ‘ಸ್ಕಾಂಡಲೋನ್’, ಬೋನಿನಲ್ಲಿ ಆಮಿಷ ಸಿಕ್ಕಿಸುವ ಕಡ್ಡಿ. ಇಲಿ ಬೋನು ನೋಡಿದೀರಲ್ಲ? ಒಳಗೆ ಒಂದು ಕೊಕ್ಕೆ ಇರುತ್ತೆ, ಅದಕ್ಕೆ ಕೊಬ್ಬರಿ ಚೂರೋ, ನಮ್ಮ ದಾವಣಗೆರೆ ಆದ್ರೆ ಮಿರ್ಚಿ ಚೂರೋ ಸಿಕ್ಕಿಸ್ತೀವಿ. ಇಲಿ ಅದನ್ನ ಎಳೀತು, ಬಾಗಿಲು ಬಿತ್ತು. ಇಲಿಗೆ ಬಾಗಿಲು ಕಾಣಲ್ಲ, ಮಿರ್ಚಿ ಮಾತ್ರ ಕಾಣುತ್ತೆ. ನಾವೂ ಪಾಪ ಅಂದ್ರೆ ಬಾಗಿಲು ಬಿದ್ದ ಕ್ಷಣ ಅಂದ್ಕೊಂಡು ಆ ಕ್ಷಣಕ್ಕೆ ಅಳ್ತೀವಿ. ಕರ್ತನು ಕೈ ಇಡೋದು ಕೊಕ್ಕೆಯ ಮೇಲೆ. ನಿನ್ನನ್ನ ಬೋನಿನ ಒಳಗೆ ಕರಕೊಂಡು ಹೋಗೋದು ಯಾವುದು? ಅದು ನಿನ್ನ ಬಲಗೈಯಷ್ಟು ಹತ್ತಿರದ್ದಾಗಿದ್ದರೂ ಸರಿ, ಬಿಟ್ಟುಬಿಡು.

ಬಲಗೈ ಯಾಕೆ ಅಂದ್ರು? ಕೆಲಸ ಮಾಡುವ ಕೈ, ಊಟ ಮಾಡುವ ಕೈ, ಆಣೆ ಮಾಡುವ ಕೈ ಅದು. ಕೆಟ್ಟ ವಸ್ತುವನ್ನು ಬಿಡು ಅನ್ನೋದು ಸುಲಭದ ಬೋಧನೆ. ಒಳ್ಳೆಯದು, ಉಪಯೋಗದ್ದು, ಇಲ್ಲದಿದ್ರೆ ಕಷ್ಟ ಆಗೋದನ್ನ ನಿನ್ನ ಮಟ್ಟಿಗೆ ಬಿಡು ಅನ್ನೋದು ಈ ವಾಕ್ಯ. ಪಕ್ಕದಲ್ಲಿ ಕೂತವನಿಗೆ ಅದು ಬೋನೇ ಅಲ್ಲದಿರಬಹುದು.

ಒಬ್ಬ ತಮ್ಮನ ವಿಷಯ ಹೇಳ್ತೀನಿ, ಅವನ ಒಪ್ಪಿಗೆ ತಗೊಂಡೇ. ನಂದಿಗುಡಿ ಕಡೆಯವನು, ದಾವಣಗೆರೆಯಲ್ಲಿ ಅಂಗಡಿ ಕೆಲಸ. ಮೊಬೈಲ್‌ನಲ್ಲಿ ರಮ್ಮಿ. ಐವತ್ತು ರೂಪಾಯಿಂದ ಶುರುವಾಗಿದ್ದು ಸಂಬಳ ನುಂಗೋಕೆ ಬಂತು, ಆಮೇಲೆ ಸಾಲ. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಆನ್‌ಲೈನ್ ಜೂಜನ್ನು ನಿಷೇಧಿಸಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ವಿರುದ್ಧ ಪಾರ್ಲಿಮೆಂಟೇ ಕಾಯ್ದೆ ಪಾಸ್ ಮಾಡಿತು, ದೊಡ್ಡ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ಈ ತಮ್ಮ ಸಂತೋಷದಿಂದ ಸಾಕ್ಷಿ ಹೇಳಿದ, ಪಾಸ್ಟ್ರೇ ನಂಗೆ ಬಿಡುಗಡೆ ಆಯ್ತು ಅಂತ. ಆರು ವಾರ. ಆಮೇಲೆ ಟೀ ಅಂಗಡಿ ಹತ್ರ ಕ್ರಿಕೆಟ್ ಬೆಟ್ಟಿಂಗ್. ಕೈ ಹೋಗಿತ್ತು, ಕೈಯನ್ನ ಆಡಿಸ್ತಿದ್ದದ್ದು ಹಾಗೇ ಇತ್ತು.

ಮತ್ತಾಯ 15:19ರಲ್ಲಿ ಯೇಸು ಸ್ವಾಮಿಯೇ ಹೇಳ್ತಾರೆ, ಕೆಟ್ಟ ಆಲೋಚನೆ, ವ್ಯಭಿಚಾರ, ಕಳ್ಳತನ ಎಲ್ಲಾ ಹೊರಡೋದು ಹೃದಯದಿಂದ. ಎರಡು ಕಣ್ಣು ಕಿತ್ತರೂ ಮನಸ್ಸು ನೋಡ್ತಾನೇ ಇರುತ್ತೆ. ಇದನ್ನ ನಾನು ಹೇಳಿದಾಗ ನಂದಿಗುಡಿಯ ಅಜ್ಜಿಗೆ ತಕ್ಷಣ ಹೊಳೀತು. “ಕಳೇನ ಮ್ಯಾಲಿಂದ ಕೊಯ್ದ್ರೆ ಎಂಟು ದಿನಕ್ಕೆ ಚಿಗುರ್ತೈತಿ, ಬೇರ್ ಸಮೇತ ಕೀಳ್ಬೇಕು” ಅಂದ್ರು. ಭದ್ರಾ ನಾಲೆ ನೀರಿನ ಭತ್ತದ ಗದ್ದೆಯಲ್ಲಿ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡವರ ಮಾತು ಅದು.

ಹಾಗಂತ, “ಹೃದಯ ಮುಖ್ಯ, ದೇವರು ಹೃದಯ ನೋಡ್ತಾನೆ, ಆದ್ದರಿಂದ ಆ್ಯಪ್ ಇದ್ರೂ ಪರವಾಗಿಲ್ಲ” ಅನ್ನೋದು ಇನ್ನೊಂದು ಮೋಸ. ಕಳೆಯ ಬೇರು ಕೀಳೋ ಕೈಗೆ ಮೊದಲು ಸಿಗೋದು ಮೇಲಿನ ಗಿಡವೇ. ರೋಮಾಪುರದವರಿಗೆ 8:13ರಲ್ಲಿ ಪೌಲನು ದೇಹದ ದುಷ್ಕೃತ್ಯಗಳನ್ನು ಆತ್ಮನ ಮೂಲಕ ಸಾಯಿಸಿರಿ ಅಂತಾನೆ. ಸಾಯಿಸೋದು ನಾವು, ಶಕ್ತಿ ಆತ್ಮನದು. ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ ಅರ್ಧ ವಚನ ಮಾತ್ರ ಹಿಡಿಯುವ ಅಭ್ಯಾಸ ಇದೆ, ಹೇಳಿದ್ದಕ್ಕೆ ಬೇಜಾರಾಗಬೇಡಿ. ಪ್ರತಿ ಭಾನುವಾರ ಮುಂದೆ ಬಂದು ತಲೆ ಮೇಲೆ ಕೈ ಇಡಿಸಿಕೊಳ್ತೀವಿ, ಕಣ್ಣೀರು ಹಾಕ್ತೀವಿ, ಸೋಮವಾರ ಅದೇ ನಂಬರ್, ಅದೇ ಗ್ರೂಪ್, ರಾತ್ರಿ ಹನ್ನೊಂದಕ್ಕೆ ಅದೇ ಮುಚ್ಚಿದ ಬಾಗಿಲು. ಎಫೆಸದಲ್ಲಿ ಮಾಟದ ಪುಸ್ತಕಗಳನ್ನು ಇಟ್ಟುಕೊಂಡಿದ್ದ ವಿಶ್ವಾಸಿಗಳು ಏನು ಮಾಡಿದರು? ಎಲ್ಲರ ಮುಂದೆ ಸುಟ್ಟರು, ಲೆಕ್ಕ ಹಾಕಿದರೆ ಐವತ್ತು ಸಾವಿರ ಬೆಳ್ಳಿ ನಾಣ್ಯ. ಮಾರಿ ದಶಮಭಾಗ ಕೊಡಬಹುದಿತ್ತಲ್ಲ ಅಂತ ಯಾರಾದ್ರೂ ಹೇಳಿರಬಹುದು! ನಷ್ಟ ಆಗದೆ ಕಡಿಯೋದು ಅಂತ ಒಂದಿಲ್ಲ.

ಆ ತಮ್ಮ ಎರಡನೇ ಸಲ ಬಂದಾಗ ನಾವು ಕೂತು ಕೊಕ್ಕೆ ಎಲ್ಲಿದೆ ಅಂತ ಹುಡುಕಿದೆವು. ಸಂಬಳದ ದಿನ, ಕೈಯಲ್ಲಿ ಯುಪಿಐ, ಸಂಜೆ ಆರರ ಟೀ. ಈಗ ಸಂಬಳ ಬರೋ ಖಾತೆಯ ಎಟಿಎಂ ಕಾರ್ಡ್ ಅವನ ಅಮ್ಮನ ಹತ್ರ ಇದೆ, ಅವನ ಹತ್ರ ಬಟನ್ ಫೋನ್. ಇಪ್ಪತ್ತಾರು ವರ್ಷದ ಗಂಡಸು ಬಸ್ ಚಾರ್ಜಿಗೆ ಅಮ್ಮನ್ನ ಕೇಳೋದು ಅವಮಾನ ಅಲ್ವಾ? ಅವಮಾನವೇ. ಗೆಳೆಯರು ನಗ್ತಾರೆ, ನಾಲ್ಕು ಜನ ಮಾತೇ ಬಿಟ್ಟರು. ಬಲಗೈ ಹೋದವನು ಎಡಗೈಯಲ್ಲಿ ಊಟ ಮಾಡೋಕೆ ಕಲೀಬೇಕಾಗುತ್ತೆ. ಸಾಲ ಇನ್ನೂ ತೀರಿಲ್ಲ. ನಡುವೆ ಒಂದು ಸಲ ಬಿದ್ದ, ಬಿದ್ದ ರಾತ್ರಿಯೇ ಫೋನ್ ಮಾಡಿದ. ಮೊದಲೆಲ್ಲಾ ಮೂರು ತಿಂಗಳು ಮುಚ್ಚಿಡ್ತಿದ್ದ.

ಇನ್ನೊಂದು ವಿಷಯ ಗಂಡುಮಕ್ಕಳಿಗೆ. ಮತ್ತಾಯ 5:28ರಲ್ಲಿ ಕೆಟ್ಟ ಆಸೆಯಿಂದ ಹೆಣ್ಣನ್ನು ನೋಡುವುದರ ಬಗ್ಗೆ ಮಾತು. ಮುಂದಿನ ವಚನದಲ್ಲೇ ಕಣ್ಣು. ಯಾರ ಕಣ್ಣು? ನೋಡಿದವನ ಕಣ್ಣು. ಅವಳ ಬಟ್ಟೆ, ಅವಳ ನಗು, ಅವಳು ಹಾಕಿದ ಫೋಟೋ, ಇವುಗಳ ಬಗ್ಗೆ ಕರ್ತನು ಅಲ್ಲಿ ಒಂದು ಮಾತೂ ಆಡಿಲ್ಲ. ನಮ್ಮ ಕೂಟಗಳಲ್ಲಿ ಹುಡುಗರು ಎಡವಿದಾಗ ಬೈಸಿಕೊಳ್ಳೋದು ಹುಡುಗಿಯರು. ಈ ವಾಕ್ಯ ಓದಿ ಪಕ್ಕದವರ ಕೈಗೆ ಕತ್ತಿ ಎತ್ತುವ ಹಾಗಿಲ್ಲ. ಮತ್ತಾಯ ಹದಿನೆಂಟರ ಮಾತನ್ನು ಹಿಡಿದು, ಎಡವಿದ ಸಹೋದರನನ್ನೇ ಸಭೆಯಿಂದ ಕಡಿದುಹಾಕಬೇಕು ಅನ್ನೋರೂ ಇದ್ದಾರೆ. ಅವರು ಅಲ್ಲಿಂದ ಮುಂದಕ್ಕೆ ಓದಬೇಕು. ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕುವ ಸಾಮ್ಯ ಅಲ್ಲೇ ಇದೆ.

ಈ ವಾರ ಒಂದು ಕೆಲಸ. ದೊಡ್ಡ ಪ್ರತಿಜ್ಞೆ ಬೇಡ, ಕ್ಯಾಂಪ್ ಫೈರಲ್ಲಿ ಫೋನ್ ಎಸೆದು ಮುಂದಿನ ತಿಂಗಳು ಇಎಂಐ ಮೇಲೆ ಹೊಸದು ತಗೊಂಡವರನ್ನ ನೋಡಿದೀನಿ. ಒಂದು ಹಾಳೆಯಲ್ಲಿ, ನೀವು ಕೊನೆಯ ಸಲ ಬಿದ್ದ ದಿನ ಬರೀರಿ. ಬಿದ್ದ ಗಳಿಗೆಯಿಂದ ಹಿಂದಕ್ಕೆ ಬನ್ನಿ. ಅದಕ್ಕೆ ಮೊದಲು ಎಲ್ಲಿದ್ರಿ, ಯಾರ ಜೊತೆ, ಕೈಯಲ್ಲಿ ಏನಿತ್ತು, ಮನಸ್ಸಲ್ಲಿ ಸಿಟ್ಟಿತ್ತಾ, ಒಂಟಿತನ ಇತ್ತಾ. ಕೊಕ್ಕೆ ಸಿಗೋ ತನಕ ಹಿಂದಕ್ಕೆ ಬನ್ನಿ. ಆ ಹಾಳೆಯನ್ನ ನಂಬಿಕೆಯ ಒಬ್ಬರಿಗೆ ತೋರಿಸಿ. ತಮ್ಮಂದಿರು ನನ್ನ ಹತ್ರ ಬರಬಹುದು, ತಂಗಿಯರು ಸಭೆಯ ಅಕ್ಕಂದಿರ ಹತ್ರ ಹೋಗಬಹುದು.

ಮುಂದಿನ ವಾರ ಮಾರ್ಕ 9:49-50, ಬೆಂಕಿ ಮತ್ತು ಉಪ್ಪಿನ ಮಾತು. ಕಷ್ಟದ ವಚನ, ಓದಿಕೊಂಡು ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.