ಹೆರಿಗೆಯ ನಂತರ ಗರ್ಭಕಂಠದ ಗಾಯ ಮತ್ತು ಮಾಯುವಿಕೆ

ಹೆರಿಗೆಯಾದ ಮನೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ತಾಯಿಗೆ ರಕ್ತ ಹೋಗುತ್ತಿದ್ದರೆ, 'ಹೆರಿಗೆಯೆಂದ ಮೇಲೆ ಅದು ಇದ್ದದ್ದೇ' ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಎಲ್ಲ ರಕ್ತಸ್ರಾವವೂ ಸಹಜವಲ್ಲ.

ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕಂಠ. ಬಸಿರಿನಲ್ಲಿ ಬಿಗಿಯಾಗಿ ಮುಚ್ಚಿರುವ ಇದು ಹೆರಿಗೆಯ ವೇಳೆ ಸುಮಾರು 10 ಸೆಂ.ಮೀ. ತೆರೆದು ಮಗುವಿಗೆ ದಾರಿ ಕೊಡುತ್ತದೆ. ಆಗ ಅದರ ಅಂಚಿನಲ್ಲಿ ಸಣ್ಣ ಸೀಳುಗಳಾಗುವುದು ಸಾಮಾನ್ಯ. ಅವು ತಾವಾಗಿಯೇ ಮಾಯುತ್ತವೆ. ಪೂರ್ಣ ತೆರೆಯುವ ಮೊದಲೇ ತಾಯಿ ಬಲ ಹಾಕಿ ಮುಕ್ಕಿದರೆ, ಹೆರಿಗೆ ಅತಿ ಶೀಘ್ರವಾಗಿ ಆದರೆ, ಅಥವಾ ಇಕ್ಕಳದಂತಹ ಉಪಕರಣ ಬಳಸಬೇಕಾದರೆ ಸೀಳು ಆಳವಾಗಬಹುದು. ಆದುದರಿಂದ ವೈದ್ಯರು ಹೇಳುವ ಮುನ್ನ ಮುಕ್ಕುವಂತೆ ಯಾರೂ ಒತ್ತಾಯಿಸಬಾರದು.

ಮಾಸು ಬಿದ್ದ ಬಳಿಕ ಗರ್ಭಕೋಶವು ಸಂಕುಚಿಸಿ ಗಟ್ಟಿಯಾಗುತ್ತದೆ, ರಕ್ತ ತಗ್ಗುತ್ತದೆ. ಗಟ್ಟಿಯಾದ ಮೇಲೂ ಕೆಂಪು ರಕ್ತ ಎಡೆಬಿಡದೆ ಹರಿದರೆ ಗರ್ಭಕಂಠ ಅಥವಾ ಯೋನಿ ಸೀಳಿರುವ ಸಂಭವವುಂಟು. ವೈದ್ಯರು ಒಳಗೆ ಪರೀಕ್ಷಿಸಿ, ಕರಗುವ ದಾರದಿಂದ ಹೊಲಿಯುತ್ತಾರೆ. ಆ ಹೊಲಿಗೆಯನ್ನು ಬಿಚ್ಚಬೇಕಾಗಿಲ್ಲ. ಇಂತಹ ಗಾಯವನ್ನು ಮನೆಯಲ್ಲಿ ಕಾಣಲೂ ಆಗದು, ಹೊಲಿಯಲೂ ಆಗದು. ಆಸ್ಪತ್ರೆಯ ಹೆರಿಗೆಯೇ ಕ್ಷೇಮವೆಂದು ನಾವು ಹೇಳುವುದು ಇದಕ್ಕಾಗಿ.

ಗಾಯವು ಸಾಮಾನ್ಯವಾಗಿ ಆರು ವಾರಗಳೊಳಗೆ ಮಾಯುತ್ತದೆ. ಮೊದಲು ದುಂಡಗಿದ್ದ ಗರ್ಭಕಂಠದ ಬಾಯಿ ಸಹಜ ಹೆರಿಗೆಯ ಬಳಿಕ ಅಡ್ಡ ಗೀರಿನಂತಾಗುವುದು ರೋಗವಲ್ಲ. ಈ ಅವಧಿಯಲ್ಲಿ ಭಾರ ಎತ್ತುವುದು, ದಾಂಪತ್ಯ ಸಂಪರ್ಕ, ಒಳಗೆ ಎಣ್ಣೆ ಅಥವಾ ಔಷಧಿ ಇಡುವುದು ಬೇಡ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಬಿಡೋಣ. ಸೊಪ್ಪು, ಬೇಳೆ, ಹಾಲು ಯಥೇಷ್ಟವಾಗಿರಲಿ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ಸೇವಿಸಬೇಕು.

ಒಂದು ಗಂಟೆಯೊಳಗೆ ಪ್ಯಾಡು ತೊಯ್ದುಹೋದರೆ, ತಲೆ ಸುತ್ತಿದರೆ, ಜ್ವರ ಬಂದರೆ, ಸ್ರಾವವು ದುರ್ವಾಸನೆಯಿಂದ ಕೂಡಿದ್ದರೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಆಳವಾದ ಸೀಳು ಮುಂದಿನ ಬಸಿರಿನಲ್ಲಿ ಗರ್ಭಕಂಠವನ್ನು ದುರ್ಬಲಗೊಳಿಸಬಹುದು. ಹೊಲಿಗೆ ಹಾಕಿದ ದಾಖಲೆಯನ್ನು ಜೋಪಾನವಾಗಿಟ್ಟು, ಮುಂದಿನ ಬಸಿರಿನ ಆರಂಭದಲ್ಲಿಯೇ ವೈದ್ಯರಿಗೆ ತೋರಿಸಬೇಕು.

ಅನೇಕ ಬಾಣಂತಿಯರು ಸಂಕೋಚದಿಂದ ರಕ್ತಸ್ರಾವವನ್ನು ಬಚ್ಚಿಡುತ್ತಾರೆ. ಜನನ ಸೂತಕವನ್ನು ಒಪ್ಪದ ಶರಣರ ಮಾರ್ಗದಲ್ಲಿ ನಡೆಯುವ ನಮಗೆ ಈ ಸಂಕೋಚವೇಕೆ? ಅತ್ತೆಯಾಗಲಿ, ತಾಯಿಯಾಗಲಿ, ಪತಿಯಾಗಲಿ ದಿನಕ್ಕೊಮ್ಮೆ 'ಸ್ರಾವ ಹೇಗಿದೆ?' ಎಂದು ಕೇಳುವುದು ನಮ್ಮ ಮನೆಗಳಲ್ಲಿ ಪದ್ಧತಿಯಾಗಲಿ.