ಬಿದ್ದ ಕಂಪನಿ, ಬರೆಯದ ಹಣೆಬರಹ


*ಇಂದಿನ ಧಮ್ಮ ಚಿಂತನೆ*



ನಮ್ಮ ಓಣಿಯಿಂದ ಬೆಂಗಳೂರಿನ ಆ್ಯಪ್ ಕಂಪನಿ ಸೇರಿದ ಮೊದಲ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕಳೆದ ತಿಂಗಳು ಆ ಕಂಪನಿ ಬಾಗಿಲು ಹಾಕಿತು. ಊರಿಗೆ ಬಂದವನು ಮನೆಯಿಂದ ಹೊರಗೆ ಬರುತ್ತಿಲ್ಲ. ನೋಡಲು ಹೋದಾಗ ಅವನ ಅವ್ವ ಅಂದರು: "ನಮ್ಮಂಥಾವರಿಗೆ ಅಂಥಾ ನೌಕರಿ ದಕ್ಕತಾವೇನ್ರಿ ಸರ? ಪಡಕೊಂಡ ಬಂದಿದ್ದ ಇಷ್ಟ." ದೀಕ್ಷೆ ತೆಗೆದುಕೊಂಡ ಮನೆಯಲ್ಲಿ ಈ ಮಾತು ಕೇಳಿ ನೋವಾಯಿತು.

ಹಿಂದಿನ ಜನ್ಮದ ಕರ್ಮ ಎಂಬುದನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಬುದ್ಧರು ಕಲಿಸಿದ್ದು *ಪಟಿಚ್ಚ ಸಮುಪ್ಪಾದ*: ಕಾರಣವಿಲ್ಲದೆ ಯಾವುದೂ ಹುಟ್ಟದು, ಕಾರಣ ಮುಗಿದರೆ ಉಳಿಯದು. ಇಲ್ಲಿ ಕಾರಣವೇನು?

ನಮ್ಮ ಉಳ್ಳಾಗಡ್ಡಿ ನೋಡಿ. ಒಂದು ವರ್ಷ ರೇಟು ಬಂದರೆ ಮರುವರ್ಷ ಎಲ್ಲರೂ ಅದನ್ನೇ ಹಾಕುತ್ತಾರೆ, ರೇಟು ಬೀಳುತ್ತದೆ. ಇಂಟರ್ನೆಟ್ ಕಂಪನಿಗಳದ್ದೂ ಹೀಗೆಯೇ. ಲಾಭ ಕಾಣದವಕ್ಕೂ ಜನ ಹಣ ಸುರಿದರು. ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 2000ರ ಮಾರ್ಚ್‌ನಲ್ಲಿ 5,000 ದಾಟಿತ್ತು. 2002ರ ಅಕ್ಟೋಬರ್‌ನಲ್ಲಿ 1,100ರ ಆಸುಪಾಸಿಗೆ ಇಳಿಯಿತು. ಬೆಂಗಳೂರಿನ ಬೈಜೂಸ್ ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಭಾರಿ ಬೆಳೆಯಿತು. 2022ರಲ್ಲಿ ಅದಕ್ಕೆ ಕಟ್ಟಿದ ಬೆಲೆ 22 ಬಿಲಿಯನ್ ಡಾಲರ್. ಶಾಲೆ ತೆರೆದವು, ಅಮೆರಿಕದಲ್ಲಿ ಬಡ್ಡಿ ಏರಿತು, ಹೂಡಿಕೆ ಬತ್ತಿತು, ಸಾಲ ಹೊರೆಯಾಯಿತು. 2024ರ ಜುಲೈನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು. ಸಾವಿರಾರು ಜನರ ಕೆಲಸ ಹೋಯಿತು. ಅಷ್ಟೂ ಜನರ ಹಣೆಬರಹ ಒಂದೇ ಆಗಿತ್ತೇ?

ಬಾಬಾಸಾಹೇಬರೂ ವಿದೇಶದಿಂದ ಬಂದ ಮೇಲೆ ಮುಂಬೈನಲ್ಲಿ ಹೂಡಿಕೆ ಸಲಹೆಯ ಸಂಸ್ಥೆ ತೆರೆದಿದ್ದರು. ಜಾತಿ ತಿಳಿದ ಗಿರಾಕಿಗಳು ದೂರವಾದರು, ಸಂಸ್ಥೆ ಮುಚ್ಚಿತು. ಅದಕ್ಕೂ ಕಾರಣವಿತ್ತು, ಅದು ಅವರ ಯೋಗ್ಯತೆಯಲ್ಲಿ ಇರಲಿಲ್ಲ. 1918ರಲ್ಲಿ ಅವರು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಅವರ ಗ್ರಂಥ ಬಂತು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಗಾರ ನಂಬಿ ಬೈಕಿಗೆ ಸಾಲ ಮಾಡೇನ್ರಿ ಸರ, ಅದು ನಂದ ತಪ್ಪು" ಅಂದ. "ಹೌದಪಾ, ಅದೊಂದು ನಿನ್ನ ಕೈಯಾಗಿನ ಕಾರಣ. ಅದನ್ನ ತಿದ್ದೋಣು. ಉಳಿದಿದ್ದು ನಿನ್ನ ತಲಿ ಮ್ಯಾಲೆ ಹೊರಬ್ಯಾಡ" ಅಂದೆ. ಅವ್ವ ಚಹಾ ತಂದಿಟ್ಟು, ಅಲ್ಲೇ ಕುಳಿತು ಕೇಳಿಸಿಕೊಂಡರು.

*ಇಂದಿನ ಅಭ್ಯಾಸ:* ನಿಮ್ಮ ಓಣಿಯಲ್ಲಿ ಕೆಲಸ ಕಳೆದುಕೊಂಡು ಬಂದವರಿದ್ದರೆ ಇವತ್ತೇ ಅವರ ಮನೆಗೆ ಹೋಗಿ. ಹಣೆಬರಹದ ಮಾತು ಬಂದರೆ, ಕಾರಣಗಳನ್ನು ಅವರ ಜೊತೆ ಕುಳಿತು ಎಣಿಸಿ.

ಭವತು ಸಬ್ಬ ಮಂಗಲಂ 🙏