ಅರ್ಧ ರಿಪೇರಿಯಾದ ಎಂಜಿಬಿ ಮಾರುವುದು ಹೇಗೆ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಪೈಕಿ ಎಂಜಿಬಿಯಷ್ಟು ಸುಲಭವಾಗಿ ಕೈಗೆ ಸಿಗುವ ಕಾರು ಇನ್ನೊಂದಿಲ್ಲ. 1962ರಿಂದ 1980ರವರೆಗೆ, ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಬಿಡಿಭಾಗಗಳು ಇಂದಿಗೂ ಹೊಸದಾಗಿಯೇ ಸಿಗುತ್ತವೆ. ಹಾಗಾಗಿಯೇ ಧೈರ್ಯ ಮಾಡಿ ಕೊಂಡು, ಪೂರ್ತಿ ಬಿಚ್ಚಿ, ನಡುವೆ ಕೈಬಿಟ್ಟವರೂ ಅಲ್ಲಿ ಬಹಳ. ಕೆಲಸ ಬದಲಾಗುತ್ತದೆ, ಮಕ್ಕಳಾಗುತ್ತಾರೆ, ದುಡ್ಡು ಮುಗಿಯುತ್ತದೆ. ಕಾರು ಗ್ಯಾರೇಜಿನಲ್ಲಿ ನಿಂತುಬಿಡುತ್ತದೆ. ಅದನ್ನು ಮಾರುವುದರಲ್ಲಿ ನಾಚಿಕೆಯೇನೂ ಇಲ್ಲ. ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಯಾರ ಮನೆಯಲ್ಲಾದರೂ ಇಂಥದ್ದೊಂದು ಕಾರು ನಿಂತಿದ್ದರೆ, ಅವರಿಗೆ ಈ ಮಾತುಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮೊದಲು ಒಂದು ವಿಷಯ ಮನದಟ್ಟಾಗಬೇಕು. ಓಡುವ ಕಾರನ್ನು ಕೊಳ್ಳುವವರು ಓಡಿಸಿ ನೋಡುತ್ತಾರೆ. ಅರ್ಧ ಮುಗಿದ ಕಾರನ್ನು ಓಡಿಸುವಂತಿಲ್ಲ. ಅವರಿಗೆ ಉಳಿಯುವುದು ಎರಡೇ ದಾರಿ: ಕಣ್ಣಿಗೆ ಕಂಡದ್ದನ್ನು ನಂಬುವುದು, ನೀವು ಹೇಳಿದ್ದನ್ನು ನಂಬುವುದು. ಎರಡನೆಯದಕ್ಕೆ ಆಧಾರ ಇಲ್ಲದಿದ್ದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಮಾರುವ ಮುನ್ನ ಮಾಡಬೇಕಾದ ಕೆಲಸ ಕಾರಿಗೆ ಹೊಳಪು ಕೊಡುವುದಲ್ಲ. ಈವರೆಗೆ ಆದ ಕೆಲಸಕ್ಕೆ ಸಾಕ್ಷಿ ಜೋಡಿಸುವುದು.

ಸಾಕ್ಷಿ ಎಲ್ಲಿ ಬೇಕು ಅನ್ನುವುದಕ್ಕೆ ಸಿಲ್ ನೋಡಿ. ಬಾಗಿಲ ಕೆಳಗೆ ಕಾರಿನ ಉದ್ದಕ್ಕೂ ಹಾಯುವ ಉಕ್ಕಿನ ಪಟ್ಟಿ ಅದು. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಮೇಲ್ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಂತೂ ಕಾರಿನ ಬೆನ್ನುಮೂಳೆಯೇ ಸಿಲ್. ಹೊರಗಿನಿಂದ ಒಂದೇ ತಗಡು ಕಂಡರೂ ಒಳಗೆ ಹಲವು ಪದರಗಳಿವೆ. ಹೊರಗಿನ ಸಿಲ್ ಬಿಚ್ಚಿದರೆ ನಡುವೆ ನಿಂತ ಒಂದು ತಗಡು, ಅದರ ಹಿಂದೆ ಒಳಗಿನ ಸಿಲ್, ತಳದಲ್ಲಿ ಕ್ಯಾಸಲ್ ಸೆಕ್ಷನ್ ಎಂಬ ಮಡಚಿದ ಪಟ್ಟಿ. ನೀರು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಎರಡೂ ಒಳಗೆ ನಿಂತು ಇವನ್ನು ಒಳಗಿನಿಂದಲೇ ತಿನ್ನುತ್ತವೆ. ಸರಿಯಾಗಿ ಮಾಡುವವರು ತುಕ್ಕು ಹಿಡಿದ ಪದರವನ್ನೆಲ್ಲ ಕತ್ತರಿಸಿ ತೆಗೆದು ಹೊಸದನ್ನು ವೆಲ್ಡ್ ಮಾಡುತ್ತಾರೆ. ಅದಕ್ಕೂ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ಕೊಟ್ಟು ಬಿಗಿದಿರುತ್ತಾರೆ. ಇಲ್ಲವಾದರೆ ಬಾಡಿ ಬಾಗಿ, ಆಮೇಲೆ ಬಾಗಿಲು ಕೂರುವುದೇ ಇಲ್ಲ. ಅಡ್ಡದಾರಿ ಹಿಡಿಯುವವರು ಕೊಳೆತದ್ದರ ಮೇಲೆಯೇ ಹೊಸ ತಗಡು ಹೊದಿಸಿ ಪೇಂಟ್ ಬಳಿಯುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅನುಭವಿ ಗಿರಾಕಿ ಭಯಪಡುವುದು ಇದಕ್ಕೇ.

ಹೊರಗಿನ ಸಿಲ್ ಇನ್ನೂ ಮುಚ್ಚಿಲ್ಲವಾದರೆ ಹಾಗೆಯೇ ಬಿಡಿ. ಬಿಚ್ಚಿಟ್ಟ, ಪ್ರೈಮರ್ ಹಾಕಿದ ಒಳಭಾಗ ಕಾಣುವ ಕಾರಿಗೆ, ಹೊಸದಾಗಿ ಪೇಂಟ್ ಆಗಿ ಏನೂ ಕಾಣದ ಕಾರಿಗಿಂತ ಒಳ್ಳೆಯ ಗಿರಾಕಿ ಸಿಗುತ್ತಾರೆ. ಇದು ನನ್ನ ಗಟ್ಟಿ ಅಭಿಪ್ರಾಯ. ಈಗಾಗಲೇ ಮುಚ್ಚಿದ್ದರೆ ಫೋಟೋ ಬೇಕು: ಕತ್ತರಿಸುವ ಮೊದಲು, ತುಕ್ಕು ತೆಗೆದ ಮೇಲೆ, ಹೊಸ ಪದರ ಕೂರಿಸಿದಾಗ. ಪ್ರತಿ ಫೋಟೋದಲ್ಲೂ ಬಾಗಿಲ ಕಂಬವೋ ಚಕ್ರದ ಕಮಾನೋ ಕಾಣುವಂತಿರಲಿ, ಯಾವ ಜಾಗ ಎಂದು ಗೊತ್ತಾಗಬೇಕು. ಗಿರಾಕಿ ಆಯಸ್ಕಾಂತ ತಂದು ಪುಟ್ಟಿ ಎಲ್ಲಿದೆ ಎಂದು ಹುಡುಕಿದರೆ ಬೇಸರಪಡಬೇಡಿ. ಒಂದು ಬದಿಯನ್ನು ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ ನೋಡುವುದೂ ಉಂಟು. ಸಿಲ್ ಸೋತಿದ್ದರೆ ಬಾಗಿಲು ಹಿಡಿದುಕೊಳ್ಳುತ್ತದೆ. ಆ ಪರೀಕ್ಷೆಯನ್ನು ನೀವೇ ಮೊದಲು ಮಾಡಿಟ್ಟುಕೊಂಡರೆ ಅವರ ಎದುರು ತಬ್ಬಿಬ್ಬಾಗುವುದು ತಪ್ಪುತ್ತದೆ.

ಎಂಜಿನ್ ವಿಷಯ ಇಷ್ಟು ಕಷ್ಟದ್ದಲ್ಲ. 1798 ಸಿಸಿಯ ನಾಲ್ಕು ಸಿಲಿಂಡರಿನ ಗಟ್ಟಿ ಎಂಜಿನ್ ಅದು. 1964ರ ಕೊನೆಯ ಹೊತ್ತಿಗೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳು ಮೂರರಿಂದ ಐದಕ್ಕೆ ಏರಿದವು, ನಿಮ್ಮದು ಯಾವುದೆಂದು ತಿಳಿದಿರಲಿ. ಕೈಯಿಂದ ತಿರುಗಿಸಿದರೆ ತಿರುಗುತ್ತದೆ ಎಂಬುದು ಒಂದು ಮಾತು, ಸ್ಟಾರ್ಟ್ ಆಗಿ ಆಯಿಲ್ ಪ್ರೆಷರ್ ತೋರಿಸುತ್ತದೆ ಎಂಬುದು ಬೇರೆಯೇ ಮಾತು. ಯಾವುದು ನಿಜವೋ ಅಷ್ಟನ್ನೇ ಹೇಳಿ.

1967ಕ್ಕಿಂತ ಮುಂಚಿನ ಕಾರಾಗಿದ್ದರೆ ಬ್ಯಾಟರಿಯ ಮೇಲೆ ಒಂದು ಚೀಟಿ ಅಂಟಿಸಿ. ಆ ಕಾರುಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ, ಈಗಿನ ಕಾರುಗಳಿಗೆ ತದ್ವಿರುದ್ಧ. ರಿಪೇರಿಯ ನಡುವೆ ಯಾರಾದರೂ ಅದನ್ನು ಬದಲಿಸಿರಲೂಬಹುದು. ನಿಮ್ಮ ಕಾರು ಈಗ ಹೇಗಿದೆಯೋ ಹಾಗೆ ಬರೆದಿಡಿ. ಗೊತ್ತಿಲ್ಲದೆ ಉಲ್ಟಾ ಕೊಟ್ಟವರ ವೈರಿಂಗ್ ಸುಟ್ಟೀತು.

ಬಿಚ್ಚಿಟ್ಟ ಭಾಗಗಳ ಡಬ್ಬಗಳನ್ನು ಜೋಡಿಸಲು ಎರಡು ಮೂರು ಭಾನುವಾರ ಹೋದರೂ ಹೋಗಲಿ. ಬಾಗಿಲ ಗಾಜಿನ ಯಂತ್ರ ಒಂದು ಚೀಲ, ಹುಡ್‌ನ ಚೌಕಟ್ಟಿನ ಬೋಲ್ಟುಗಳು ಇನ್ನೊಂದು ಚೀಲ, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಕಾಣೆಯಾದವುಗಳ ಪಟ್ಟಿಯನ್ನೂ ಬೇರೆ ಬರೆಯಿರಿ. ಬೇರೆಯವರು ಬಿಚ್ಚಿದ್ದನ್ನು ಜೋಡಿಸುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಆ ಕಷ್ಟವನ್ನು ನೀವು ಎಷ್ಟು ಇಳಿಸುತ್ತೀರೋ ಅಷ್ಟು ಚೌಕಾಸಿ ಕಡಿಮೆ.

ಕಾಗದಪತ್ರಗಳಲ್ಲಿ ಮುಖ್ಯವಾದದ್ದು ವಿ5ಸಿ ಎಂಬ ನೋಂದಣಿ ಪುಸ್ತಕ. ಅದು ಒಡೆತನದ ದಾಖಲೆಯಲ್ಲ, ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಹಾಗಾಗಿ ನೀವು ಕೊಂಡಾಗಿನ ರಸೀದಿಯನ್ನೂ ಹುಡುಕಿಡಿ. ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ ಮೂರೂ ಪುಸ್ತಕಕ್ಕೆ ಹೊಂದಬೇಕು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆಯ ಕಾರ್ಖಾನೆ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಕಾರು ಯಾವಾಗ ತಯಾರಾಯಿತು, ಮೊದಲ ಬಣ್ಣ ಯಾವುದು ಎಂಬ ವಿವರ ಅದರಲ್ಲಿರುತ್ತದೆ. ಶುಲ್ಕ ಕೊಟ್ಟರೂ ನಷ್ಟವಿಲ್ಲ.

ಕೊನೆಯ ಎಂಜಿಬಿಗೂ ಈಗ ನಲವತ್ತು ವರ್ಷ ದಾಟಿದೆ. ಅಷ್ಟು ಹಳೆಯ, ದೊಡ್ಡ ಮಾರ್ಪಾಡು ಆಗಿರದ ಕಾರುಗಳಿಗೆ 2018ರಿಂದ ವಾರ್ಷಿಕ ಎಂಒಟಿ ಪರೀಕ್ಷೆ ಕಡ್ಡಾಯವಲ್ಲ. ಇದನ್ನು ಜಾಹೀರಾತಿನಲ್ಲಿ ದೊಡ್ಡದು ಮಾಡಬೇಡಿ. ಪರೀಕ್ಷೆಯಿಂದ ವಿನಾಯಿತಿ ಸಿಕ್ಕ ಮಾತ್ರಕ್ಕೆ ಅಪಾಯಕಾರಿ ಕಾರನ್ನು ರಸ್ತೆಗಿಳಿಸುವಂತಿಲ್ಲ.

ಇನ್ನು ಬೆಲೆ. ಹಾಕಿದ ದುಡ್ಡನ್ನೆಲ್ಲ ಕೂಡಿಸಿ ಬೆಲೆ ಕಟ್ಟುವವರು ನಿರಾಶರಾಗುತ್ತಾರೆ. ಲೆಕ್ಕ ಹಿಂದಿನಿಂದ ಬರಬೇಕು. ಪೂರ್ತಿ ಸಿದ್ಧವಾದ ಅಂಥದೇ ಕಾರು 12,000 ಪೌಂಡಿಗೆ ಹೋಗುತ್ತದೆ, ಉಳಿದ ಕೆಲಸಕ್ಕೆ 6,000 ಬೇಕು ಎಂದಿಟ್ಟುಕೊಳ್ಳಿ. ಹಾಗೆಂದು ಉಳಿದ 6,000 ಕೈಗೆ ಬರುವುದಿಲ್ಲ. ಮುಂದಿನವರ ಶ್ರಮ, ಕಾಣದ ತುಕ್ಕಿನ ಭಯ ಎರಡಕ್ಕೂ ಕಳೆಯಬೇಕು. ಆ ಭಯದ ಪಾಲನ್ನು ಕರಗಿಸುವುದೇ ಫೋಟೋಗಳ ಕೆಲಸ. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಸಿಕ್ಕೀತೆಂಬ ಆಸೆ ಬರಬಹುದು. ಬಾಡಿ ಗಟ್ಟಿಯಾಗಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ; ಇಷ್ಟು ದೂರ ಬಂದ ಕಾರು ಮತ್ತೆ ರಸ್ತೆಗೆ ಬರಲಿ.

ಜಾಹೀರಾತಿನಲ್ಲಿ ಬರೆದ ಪ್ರತಿ ಮಾತಿಗೂ ನೀವು ಹೊಣೆ. ಖಾಸಗಿ ಮಾರಾಟದಲ್ಲಿ ಪರೀಕ್ಷಿಸಿಕೊಳ್ಳುವ ಹೊಣೆ ಬಹುಪಾಲು ಕೊಳ್ಳುವವರದೇ, ಆದರೆ ಸುಳ್ಳು ವಿವರಣೆಗೆ ಬ್ರಿಟನ್ನಿನ ಕಾನೂನಿನಲ್ಲಿ ಕ್ಷಮೆಯಿಲ್ಲ. ದುಡ್ಡು ಬ್ಯಾಂಕಿಗೆ ಬಂದದ್ದು ಖಚಿತವಾದ ಮೇಲೆ, ಡಬ್ಬಗಳನ್ನು ಪಟ್ಟಿ ಹಿಡಿದು ಒಟ್ಟಿಗೆ ಎಣಿಸಿ ಇಬ್ಬರೂ ಸಹಿ ಹಾಕಿ. ವಿ5ಸಿಯ ಹಸಿರು ಚೀಟಿಯನ್ನು ಹೊಸಬರ ಕೈಗೆ ಕೊಟ್ಟು, ಮಾರಿದ ವಿಷಯವನ್ನು ಅಂದೇ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್ಎಗೆ ಆನ್‌ಲೈನಿನಲ್ಲಿ ತಿಳಿಸಿ. ಕಾರನ್ನು ರಸ್ತೆಯಲ್ಲಿ ಬಳಸುತ್ತಿಲ್ಲವೆಂದು ನೀವು ಕೊಟ್ಟಿದ್ದ ಘೋಷಣೆ ಹೊಸಬರ ಹೆಸರಿಗೆ ವರ್ಗವಾಗುವುದಿಲ್ಲ, ಅವರೇ ಹೊಸದಾಗಿ ಸಲ್ಲಿಸಬೇಕು. ಟ್ರೇಲರ್ ಹೊರಡುವ ಮುಂಚೆ ಇದನ್ನು ಅವರಿಗೆ ನೆನಪಿಸಿ.